ಅನಾಮತ್ತಿನಲ್ಲಿ ಬಾಳವ್ವ

ಆ ಊರಿನಲ್ಲಿ ಯಾರೂ ಬಂದು ಮಾತಾಡಿಸದ ಮನೆ ಹಿಂದಕ್ಕೆ ಸರಿಯುತ್ತದೆ ಎಂಬುದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದು ಅವರಿಗೆ ಅನ್ನಿಸಿರಲಿಲ್ಲವೇನೋ. ಬಸ್ಸು ಪೇಟೆ ಬೀದಿಗೆ ತಿರುಗಿದಾಗ ನನಗೆ ಕಂಡದ್ದು ಇಷ್ಟು: ಒಂದು ಚಹಾ ಅಂಗಡಿಯ ಕಟ್ಟೆ ಡಾಂಬರಿನ ಮೇಲೆಯೇ ಬಂದು ಕೂತಿತ್ತು. ಅದರ ಪಕ್ಕದ ಮನೆ ಮಾತ್ರ ಉದ್ದನೆಯ ಅಂಗಳದ ಆ ತುದಿಯಲ್ಲಿ, ಮದುವೆ ಮನೆಯಲ್ಲಿ ಪರಿಚಯದವರಿಲ್ಲದೆ ಗೋಡೆಗೆ ಒರಗಿದವನ ಹಾಗೆ ನಿಂತಿತ್ತು. ಬಸ್ಸು ಕಟ್ಟೆಯನ್ನು ಸವರಿಕೊಂಡು ಹೋಗುವಾಗ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಗೌಸುಸಾಬ, ನಿನ್ನ ಅಂಗಡಿಗೊಂದು ಟಿಕೇಟು ಹರೀಬೇಕಾಗತೈತಿ ನೋಡು. ಬಸ್ಸಿನೊಳಗ ಬಂದೈತಿ!" ಚಹಾ ಸೋಸುತ್ತಿದ್ದ ಗೌಸುಸಾಬ ತಲೆ ಎತ್ತದೆಯೇ, "ಮಂದಿ ಪ್ರೀತಿ ಮಾರಾಯಾ, ನಾ ಏನ್ ಮಾಡ್ಲಿ?" ಎಂದ.

ನಾನು ಹೋದದ್ದು ಲೆಕ್ಕದ ಕೆಲಸಕ್ಕೆ. ಹಳೆಯ ಪ್ರೋಗ್ರಾಮಿನಲ್ಲಿರುವ ಲೆಕ್ಕವನ್ನು ಫೈಲು ಮಾಡಿ ಹೊರತೆಗೆದು ಹೊಸ ಅಕೌಂಟಿಂಗ್ ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡುವುದು, ಅದು ಒಪ್ಪದೆ ಹೋದರೆ ಯಾಕೆ ಒಪ್ಪಲಿಲ್ಲ ಎಂದು ಹುಡುಕುವುದು ನನ್ನ ಕಸುಬು. ಅಕ್ಕಿ ಗಿರಣಿ, ಹಾಲಿನ ಡೇರಿ, ಔಷಧದ ಸಗಟು ಅಂಗಡಿ, ಎಲ್ಲ ಕಡೆಯೂ ಫೈಲುಗಳ ಕಾಯಿಲೆ ಹೆಚ್ಚುಕಡಿಮೆ ಒಂದೇ. ವೈದ್ಯನಿಗೂ ನನಗೂ ಇರುವ ವ್ಯತ್ಯಾಸವೆಂದರೆ ಗುಣವಾದ ಮೇಲೆ ಅವನನ್ನು ರಸ್ತೆಯಲ್ಲಿ ಕಂಡಾಗ ಜನ ನಮಸ್ಕಾರವನ್ನಾದರೂ ಮಾಡುತ್ತಾರೆ. ನನ್ನ ಟೇಬಲ್ಲಿಗೆ ತಪ್ಪು ಇರುವವರೆಗೆ ಚಹಾ ಬರುತ್ತದೆ, ತಪ್ಪು ತೀರಿದ ದಿನ ಬಸ್ಸಿನ ಹೊತ್ತು ಹೇಳುತ್ತಾರೆ.

ನನ್ನನ್ನು ಕರೆಸಿಕೊಂಡದ್ದು ಕ್ಷೇಮ ವಿಚಾರಣಾ ಸಹಕಾರಿ ಸಂಘ. ಅಲ್ಲಿ ಹಣದ ಲೆಕ್ಕ ಕಡಿಮೆ. ಯಾರು ಯಾರ ಮನೆಗೆ ಹೋಗಿ ಹೊಸ್ತಿಲ ಮುಂದೆ ನಿಂತು "ಊಟ ಆತೇನ್ರಿ?" ಎಂದು ಕೇಳಿದರು ಎಂಬುದೇ ಮುಖ್ಯ ಲೆಕ್ಕ. ಕೇಳಿದವರಿಗೆ ಜಮೆ, ಕೇಳಿಸಿಕೊಂಡವರಿಗೆ ಖರ್ಚು. ಖರ್ಚು ಬಿದ್ದವರು ವರ್ಷ ಮುಗಿಯುವುದರೊಳಗೆ ಹೋಗಿ ತಿರುಗಿ ಕೇಳಿ ಬರಬೇಕು. ಬೀದಿಯಲ್ಲಿ ಎದುರಾದಾಗ ಕೇಳಿದ್ದು ಲೆಕ್ಕಕ್ಕಿಲ್ಲ, ಫೋನಿನಲ್ಲಿ ಕೇಳಿದ್ದಂತೂ ಇಲ್ಲವೇ ಇಲ್ಲ. ಹೊಸ್ತಿಲೇ ಆಗಬೇಕು. ಕೇಳುವವರು ಬರುತ್ತಿದ್ದರೆ ಮನೆ ಬೀದಿಯ ಅಂಚಿನಲ್ಲಿ ಇರುತ್ತದೆ. ಬಾರದಿದ್ದರೆ ಒಂದೊಂದೇ ಬೆರಳು ಹಿಂದೆ ಹೋಗುತ್ತದೆ, ಅಂಗಳ ಬೆಳೆಯುತ್ತದೆ. ಜನ ಇದಕ್ಕೆ ಹೊಂದಿಕೊಂಡಿದ್ದರು. ಅಂಗಳ ಉದ್ದವಾದವರು ಅಲ್ಲಿ ಸಂಡಿಗೆ ಒಣಗಿಸುತ್ತಿದ್ದರು. ಅಂಚೆಯವನು ಗೇಟಿನ ಒಳಗೂ ಸೈಕಲ್ ಇಳಿಯುತ್ತಿರಲಿಲ್ಲ. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವ ಮೊದಲು "ಅಂಗಳ ಎಷ್ಟುದ್ದ ಐತ್ರಿ?" ಎಂದು ಕೇಳುತ್ತಿದ್ದರು.

ಸಂಘದ ಕಾರ್ಯದರ್ಶಿ ಅಡಿವೆಪ್ಪನವರು ಒಗೆದು ಇಸ್ತ್ರಿ ಮಾಡಿದ ಧೋತರದ ಮನುಷ್ಯ. ಸಂಘದ ಮಹಡಿಯಲ್ಲಿ ನನಗೊಂದು ಕೋಣೆ ತೋರಿಸಿದರು. "ವರ್ಷದ ಲೆಕ್ಕ ಮುಚ್ಚೂ ಹೊತ್ತಿಗೆ ಎಲ್ಲಾ ಹೊಸ ಸಾಫ್ಟ್‌ವೇರಿನ್ಯಾಗ ಇರಬೇಕು ನೋಡ್ರಿ. ಲೆಕ್ಕ ಮುಚ್ಚಿದ ಸಂಜೀಗೆ ಮನಿಗೋಳು ವರ್ಷದ ಬಾಕಿ ಒಮ್ಮೆಲೇ ಸರಿದು ತೀರಸ್ತಾವು. ತಪ್ಪು ಲೆಕ್ಕ ಮುಚ್ಚಿದರ ಯಾರ ಮನಿ ಎಲ್ಲಿ ಹೋಗಿ ನಿಂದರತೈತೋ ದೇವರೇ ಬಲ್ಲ."

"ನನ್ನ ಕೋಣೆಯೂ ಸರಿಯುತ್ತಾ?" ಎಂದೆ.

"ನೀವು ಪರಸ್ಥಳದವ್ರು. ನಿಮಗೆಲ್ಲಿ ಹೊಸ್ತಿಲ ಐತಿ?" ಎಂದರು. ಸಮಾಧಾನ ಹೇಳುವ ದನಿಯಲ್ಲಿಯೇ ಹೇಳಿದರು.

ಮೊದಲ ಸಲ ಇಂಪೋರ್ಟ್ ಒತ್ತಿದಾಗ ಪರದೆಯ ತುಂಬ ಕೆಂಪು ಸಾಲು. ಹಳೆಯ ಪ್ರೋಗ್ರಾಮು ತಿಂಗಳನ್ನು ಮೊದಲು ಬರೆದು ದಿನವನ್ನು ಆಮೇಲೆ ಬರೆಯುತ್ತಿತ್ತು, ಹೊಸದು ಅದನ್ನು ತಿರುವಿ ಓದುತ್ತಿತ್ತು. ಹಾಗಾಗಿ ಯುಗಾದಿಯ ವಿಚಾರಣೆಗಳೆಲ್ಲ ಆಷಾಢದ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದವು. ಅದನ್ನು ಸರಿ ಮಾಡಿದೆ. ಮನೆಯ ವಿಳಾಸಗಳ ನಡುವೆ ಯಾರೋ ಅಲ್ಪವಿರಾಮ ಹಾಕಿದ್ದರು. ಸಾಫ್ಟ್‌ವೇರು ಅದನ್ನು ಕಂಡಲ್ಲೆಲ್ಲ ಒಂದು ಕಾಲಂ ಮುಗಿಯಿತೆಂದು ತಿಳಿದು, ವಿಳಾಸದ ಬಾಲವನ್ನು ತಾರೀಕಿನ ಜಾಗಕ್ಕೂ, ತಾರೀಕನ್ನು ಉತ್ತರದ ಜಾಗಕ್ಕೂ ತಳ್ಳಿತ್ತು. ಊಟ ಆಯಿತೇ ಎಂದು ಕೇಳಿದ್ದಕ್ಕೆ ಒಬ್ಬರು "ಫೆಬ್ರವರಿ" ಎಂದು ಉತ್ತರಿಸಿದ ಹಾಗಿತ್ತು. ಅದನ್ನೂ ಸರಿ ಮಾಡಿದೆ. ಕೆಂಪು ಸಾಲುಗಳು ದಿನದಿನಕ್ಕೆ ಕಡಿಮೆಯಾದವು. ಕಡೆಗೆ ಒಂದೇ ಬಗೆಯ ತಪ್ಪು ಉಳಿಯಿತು. ಆದರೆ ಅದು ಎಷ್ಟು ಸಲ ಇತ್ತೆಂದರೆ, ಪರದೆಯನ್ನು ಎಷ್ಟು ಕೆಳಗೆ ಎಳೆದರೂ ತುದಿ ಸಿಗಲಿಲ್ಲ. "ಕೇಳಿದವರ ಖಾತೆ ಸಿಗಲಿಲ್ಲ: ಬಾಳವ್ವ." ಅದರ ಕೆಳಗೆ, "ಕೇಳಿದವರ ಖಾತೆ ಸಿಗಲಿಲ್ಲ: ಬಾಳವ್ವ."

"ಬಾಳವ್ವ ಯಾರು?" ಎಂದು ಅಡಿವೆಪ್ಪನವರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಯೋಚಿಸಿದರು, ತಿರುಗಿ ಹಾಕಿಕೊಂಡು ಯೋಚಿಸಿದರು. ಆ ಹೆಸರಿನವರು ಊರಲ್ಲಿ ಯಾರೂ ಇದ್ದ ಹಾಗಿಲ್ಲ ಎಂದರು. ಚಹಾಕ್ಕೆಂದು ಇಳಿದು ಗೌಸುಸಾಬನನ್ನು ಕೇಳಿದೆ. ಅವನು ನಕ್ಕುಬಿಟ್ಟ. "ಈಗಷ್ಟ ನನ್ನ ಬಾಗಲಾಗ ನಿಂತು ಊಟ ಆತೇನ್ರಿ ಅಂತ ಕೇಳಿ ಹ್ವಾದಳಲ್ರಿ? ಆಕೀನ. ನಾವೆಲ್ಲಾ ಕೇಳಾಕಿ ಅಂತೀವಿ. ಹೆಸರು ಯಾರು ಕರೀತಾರ?"

ಆಗ ನನಗೆ ಗೊತ್ತಾಯಿತು. ದಿನಾ ಬೆಳಿಗ್ಗೆ ಸಂಘದ ಬಾಗಿಲಿನಿಂದ ಹೊರಡುವ ಹೆಂಗಸು ಆಕೆ. ಐವತ್ತರ ಮೇಲಿನ ವಯಸ್ಸು, ಸವೆದ ಚಪ್ಪಲಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ನನ್ನ ಕೋಣೆ ಅವಳ ಪಟ್ಟಿಯಲ್ಲಿ ಇರಲಿಲ್ಲ. ಆದರೂ ನಾನು ಬಂದ ಮರುದಿನ ಮೆಟ್ಟಿಲು ಹತ್ತಿ ಬಂದು, "ಊಟ ಆತೇನ್ರಿ ಸರ?" ಎಂದಿದ್ದಳು. ನಾನು ಬಿಸ್ಕೀಟು ತಿಂದು ಕೂತಿದ್ದವನು "ಆಯ್ತು" ಎಂದಿದ್ದೆ. ಆ ಪ್ರಶ್ನೆಗೆ ಬೇರೆ ಉತ್ತರ ಉಂಟೇ ಎಂದು ಯಾರೂ ಯೋಚಿಸುವುದಿಲ್ಲ.

ಊರಿನವರಿಗೆ ಒಬ್ಬರ ಮನೆಗೆ ಒಬ್ಬರು ಹೋಗುವುದಕ್ಕೆ ಬೇಸರವಾಗತೊಡಗಿದಾಗ ಸಂಘವೇ ಪಗಾರ ಕೊಟ್ಟು ಅವಳನ್ನು ನೇಮಿಸಿತ್ತು. ಅವಳು ಎಲ್ಲರ ಪರವಾಗಿ ಎಲ್ಲರನ್ನೂ ಕೇಳಿ ಬರುತ್ತಿದ್ದಳು. ಅಷ್ಟರೊಳಗೆ ಹಿಂದೆ ಸರಿದಿದ್ದ ಮನೆಗಳೂ ಸೇರಿ ಎಲ್ಲ ಮನೆಗಳು ಇದ್ದಲ್ಲಿಯೇ ನಿಂತವು. ಮನೆಯವರು ಮನೆಯವರನ್ನು ಕೇಳಿದಾಗ "ಆತ್ರಿ, ನಿಮ್ದು?" ಎನ್ನುವುದು ವಾಡಿಕೆ. ಬಾಳವ್ವ ಕೇಳಿದಾಗ "ಆತು" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು. ಪಗಾರಕ್ಕೆ ಕೇಳುವವಳನ್ನು ತಿರುಗಿ ಕೇಳುವುದೆಂದರೆ ಬಸ್ಸಿನ ಡ್ರೈವರನನ್ನು ನೀವು ಕೂತುಕೊಳ್ಳಿ, ನಾನು ಓಡಿಸುತ್ತೇನೆ ಎಂದ ಹಾಗೆ. ಹಳೆಯ ಪ್ರೋಗ್ರಾಮು ದಾಕ್ಷಿಣ್ಯದ್ದು, ಯಾವ ಹೆಸರು ಹೊಡೆದರೂ ನುಂಗಿಕೊಳ್ಳುತ್ತಿತ್ತು. ಹೊಸದು ಹಾಗಲ್ಲ. ಹೆಸರಿದ್ದರೆ ಖಾತೆ ಇರಬೇಕು ಎನ್ನುತ್ತಿತ್ತು.

ಇಂಥ ತಪ್ಪಿಗೆ ಎರಡೇ ಮದ್ದು. ಬಾಳವ್ವನ ಹೆಸರಿನಲ್ಲಿ ಖಾತೆ ತೆರೆಯುವುದು ಒಂದು. ಇಲ್ಲವೇ ಆ ಸಾಲುಗಳನ್ನೆಲ್ಲ ಅನಾಮತ್ತು ಖಾತೆಗೆ ತಳ್ಳುವುದು. ಯಾರದೆಂದು ಗೊತ್ತಾಗದ ಬಾಬತ್ತನ್ನು, ಗೊತ್ತಿದ್ದರೂ ಹೇಳಲು ಮನಸ್ಸಿಲ್ಲದ್ದನ್ನು, ಲೆಕ್ಕದವರು ಇಡುವ ಮೂಲೆ ಅದು. ಎಲ್ಲ ಸಂಸ್ಥೆಗಳಲ್ಲಿಯೂ ಅಂಥದೊಂದು ಮೂಲೆ ಇರುತ್ತದೆ. ಎಷ್ಟೋ ಕಡೆ ಅದೇ ಎಲ್ಲಕ್ಕಿಂತ ತುಂಬಿರುತ್ತದೆ. ಖಾತೆ ತೆರೆಯಬೇಕೆಂದರೆ ಮನೆಯ ವಿವರ ಬೇಕಿತ್ತು. ಆದ್ದರಿಂದ ಒಂದು ಮಧ್ಯಾಹ್ನ ಬಾಳವ್ವನ ಮನೆ ಹುಡುಕಿಕೊಂಡು ಹೋದೆ.

ಅವಳ ಗೇಟು ಪೇಟೆ ಬೀದಿಯಲ್ಲಿಯೇ ಇತ್ತು. ಮನೆ ಮಾತ್ರ ಕಾಣಲಿಲ್ಲ. ಅಂಗಳದೊಳಗೆ ನಡೆಯುತ್ತಾ ಹೋದೆ. ಮೊದಲಿಗೆ ಮೆಂತ್ಯದ ಮಡಿ, ಆಮೇಲೆ ಬದನೆ, ಆಮೇಲೆ ಆಳೆತ್ತರದ ಜೋಳ. ವರ್ಷ ವರ್ಷ ಬಿಟ್ಟುಕೊಟ್ಟ ಜಾಗದಲ್ಲಿ ಬಿತ್ತುತ್ತಾ ಹೋಗಿದ್ದಳು. ನಡುವೆ ಯಾರೋ ತಮ್ಮ ಎಮ್ಮೆ ಕಟ್ಟಿದ್ದರು. ಒಂದಷ್ಟು ಪಡ್ಡೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅದು ಒಬ್ಬರ ಅಂಗಳ ಎಂಬುದು ಯಾರ ನೆನಪಿನಲ್ಲಿಯೂ ಇದ್ದ ಹಾಗಿರಲಿಲ್ಲ. "ಕೇಳಾಕಿ ಮನೀಗೆ ಬಡದ್ರ ಸಿಕ್ಸರ್" ಎಂದು ಒಬ್ಬ ನನಗೆ ತಿಳಿಸಿದ. ಜೋಳ ದಾಟಿದ ಮೇಲೆ ಕೆರೆ ಕಂಡಿತು. ಕೆರೆಗೆ ಬೆನ್ನು ಆನಿಸಿಕೊಂಡು ಒಂದು ಸಣ್ಣ ಮನೆ. ಅದರ ಹಿಂದೆ ಇನ್ನು ನೆಲ ಇರಲಿಲ್ಲ.

ನನ್ನನ್ನು ಕಂಡು ಬಾಳವ್ವ ಗಾಬರಿಯಿಂದ ಎದ್ದು ನಿಂತಳು. "ಯಾರರ ತೀರಿಕೊಂಡಾರೇನ್ರಿ?"

"ಇಲ್ಲಮ್ಮ. ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ಸಿಗ್ತಾ ಇಲ್ಲ."

"ಅಷ್ಟ ಏನ್ರಿ? ಖಾತೆ ಸಿಗದಿದ್ರ ಬಿಡ್ರಿ, ನಾ ಇಲ್ಲೇ ಅದೀನಲ್ಲ." ಚಾಪೆ ಹಾಸಿದಳು. ಮನೆಯೊಳಗೆ ತೇವದ ವಾಸನೆ ಇತ್ತು. ಹಿಂದಿನ ಗೋಡೆ ಮೊಣಕಾಲೆತ್ತರಕ್ಕೆ ಒದ್ದೆಯಾಗಿತ್ತು. ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿ ಕೆರೆಯ ನೀರಿನಲ್ಲಿಯೇ ಲೋಟ ತೊಳೆದು, ಕೊಡದ ನೀರು ತುಂಬಿ ನನಗೆ ಕೊಟ್ಟಳು. "ನೋಡ್ರಿ, ಊರಾಗ ಯಾರಿಗೂ ಈ ಅನುಕೂಲಿಲ್ಲ. ಮೊನ್ನೆ ಒಂದು ಮೀನು ಬಂದು ಇಣಿಕಿ ಹ್ವಾತು. ಅದರ ಕಣ್ಣಾಗ ಏನೋ ಕೇಳೂ ಹಂಗ ಇತ್ತು ಬಿಡ್ರಿ."

ಸಾಫ್ಟ್‌ವೇರಿನ ತಕರಾರು ಏನೆಂದು ನನಗೆ ತಿಳಿದಷ್ಟು ವಿವರಿಸಿದೆ. ಅವಳು ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. "ಹಂಗಾದ್ರ ಇಷ್ಟು ವರ್ಷ ಬಾಗಲಾ ಬಾಗಲಾ ತಿರುಗಿ ಕೇಳಿದಾಕಿ ಯಾರ್ರಿ?"

"ಲೆಕ್ಕದ ಪ್ರಕಾರ ಸಂಘ."

"ಸಂಘ ಚಪ್ಪಲಿ ಮೆಟ್ಟಿಕೊಂಡು ಬಂದಿತ್ತೇನ್ರಿ?" ಎಂದು ಜೋರಾಗಿ ನಕ್ಕಳು. ನಕ್ಕು ಮುಗಿಸಿ ಒದ್ದೆ ಗೋಡೆಯ ಕಡೆ ನೋಡಿದಳು. "ಲೆಕ್ಕ ಮುಚ್ಚೂದು ಯಾವಾಗ್ರಿ?"

"ಈ ವಾರ."

"ಈ ಸಲ ಇದು ನೀರಾಗ ಹೋಗತೈತಿ. ನನಗ ಗೊತ್ತೈತಿ. ಇನ್ನೆಲ್ಲಿ ಹೋಗಬೇಕು, ಪಾಪ, ಅದಕ್ಕರ?" ಮನೆಯ ಬಗ್ಗೆ ಅವಳು ಮುದಿ ಎತ್ತಿನ ಬಗ್ಗೆ ಹೇಳಿದ ಹಾಗೆ ಹೇಳಿದಳು.

ಹೊರಡುವಾಗ ಹೊಸ್ತಿಲ ಹೊರಗೆ ನಿಂತು, "ಊಟ ಆಯ್ತಾ ಬಾಳವ್ವ?" ಎಂದೆ. ಅವಳ ಮುಖ ಒಂದು ಕ್ಷಣ ತೆರೆದುಕೊಂಡಿತು, ಮತ್ತೆ ಮುಚ್ಚಿಕೊಂಡಿತು. "ನಿಮ್ದು ಲೆಕ್ಕಕ್ಕ ಬರಂಗಿಲ್ರಿ ಸರ. ಹೊಸ್ತಿಲಿದ್ದವ್ರು ಕೇಳಬೇಕು" ಎಂದಳು. ಜೋಳದ ನಡುವೆ ತಿರುಗಿ ಬರುವಾಗ, ಅವಳು ಉತ್ತರ ಹೇಳಲಿಲ್ಲ ಎಂಬುದು ನನಗೆ ಹೊಳೆಯಿತು.

ಮರುದಿನ ಅವಳ ಹೆಸರಿನಲ್ಲಿ ಖಾತೆ ತೆರೆದು ಫೈಲನ್ನು ಪರೀಕ್ಷೆಗೆ ಹಾಕಿದೆ. ಒಂದೂ ಕೆಂಪು ಸಾಲು ಬರಲಿಲ್ಲ. ಜಮೆ ಖರ್ಚು ಸರಿಹೊಂದಿತು. ಅಡಿವೆಪ್ಪನವರು ಸಂತೋಷದಿಂದ ಬಗ್ಗಿ ನೋಡಿದರು. ಆಮೇಲೆ ಬಾಕಿಯ ಪಟ್ಟಿ ತೆಗೆದು ತೋರಿಸಿದೆ. ಊರಿನ ಪ್ರತಿ ಮನೆಯ ಎದುರಿಗೂ ಬಾಳವ್ವನ ಮನೆಗೆ ಹೋಗಿ ಕೇಳುವ ಬಾಕಿ ನಿಂತಿತ್ತು. ತೀರಿಸದಿದ್ದರೆ ಲೆಕ್ಕ ಮುಚ್ಚಿದ ಸಂಜೆ ಹಿಂದೆ ಸರಿಯುವುದು ಆ ಮನೆಗಳೇ. ಎಲ್ಲಕ್ಕಿಂತ ಮೇಲೆ ಅಡಿವೆಪ್ಪನವರ ಮನೆ. ಅವರು ನೆಟ್ಟಗಾದರು. ಸಂಜೆಗೆ ಮಂಡಳಿಯ ಸಭೆ ಸೇರಿತು.

"ದಿನಾ ನಮ್ಮ ಬಾಗಲಕ್ಕ ಬರ್ತಾಳಲ್ಲ ಆಕಿ, ಮತ್ತ ನಾವ್ಯಾಕ ಹೋಗೂದು?" ಎಂದರು ಒಬ್ಬರು.

"ಅಷ್ಟುದ್ದ ಅಂಗಳ ತುಳಿಯಾಕ ನನ್ನ ಮೊಣಕಾಲ ಕೇಳಂಗಿಲ್ರಿ" ಎಂದರು ಇನ್ನೊಬ್ಬರು. ಮತ್ತೊಬ್ಬರು ಸಾಫ್ಟ್‌ವೇರಿನಲ್ಲಿಯೇ ಏನೋ ದೋಷ ಇರಬೇಕು, ನಮ್ಮ ಜನ ಅಂಥವರಲ್ಲ ಎಂದರು.

"ಯಾರೂ ಹೋಗದಿದ್ದರೆ ಬಾಳವ್ವನ ಮನೆ ಕೆರೆಗೆ ಹೋಗುತ್ತೆ" ಎಂದೆ ನಾನು. ಎಲ್ಲರೂ ನನ್ನ ಕಡೆ ತಿರುಗಿದರು. ಟೇಬಲ್ಲು ಮಾತಾಡಿದರೂ ಅಷ್ಟೇ ಸೌಜನ್ಯದಿಂದ ತಿರುಗುತ್ತಿದ್ದರು ಅನ್ನಿಸುತ್ತದೆ. "ಪಗಾರ ಕೊಡತೇವಲ್ರಿ ಆಕೀಗೆ?" ಎಂದರು ಅಡಿವೆಪ್ಪನವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಸದ್ಯಕ್ಕ ಅನಾಮತ್ತಿಗೆ ಹಾಕ್ರಿ. ಮುಂದಿನ ವರ್ಷ ನೋಡೂಣು." ಗುಪ್ತಸಂಖ್ಯೆ ಅವರ ಬಳಿ ಇತ್ತು. ಅವರೇ ಹೊಡೆದರು, ಅವರೇ ಒತ್ತಿದರು. ಇಂಪೋರ್ಟ್ ಯಶಸ್ವಿಯಾಯಿತೆಂದು ಪರದೆ ಹಸಿರಾಗಿ ಹೇಳಿತು. ಲೆಕ್ಕ ಮುಚ್ಚಿದ ದಿನ ಎಲ್ಲರಿಗೂ ಪೇಢೆ ಹಂಚಿದರು. ನನಗೆ ಪೇಢೆಯ ಜೊತೆ ಬಸ್ಸಿನ ಹೊತ್ತನ್ನೂ ಹೇಳಿದರು.

ಆ ಸಂಜೆ ಮನೆಗಳು ಸರಿದವು. ಊರಿನ ತುಂಬ ಯಾರೋ ಮಂಚ ಎಳೆದಂಥ ಸದ್ದು. ಹೆಚ್ಚಿನ ಮನೆಗಳು ಒಂದಿಷ್ಟು ಅಲುಗಾಡಿ ಸುಮ್ಮನಾದವು. ನಾನು ಬಸ್ಸು ಬಿಟ್ಟು ಜೋಳದ ಹೊಲದಲ್ಲಿ ಓಡಿದೆ. ಬಾಳವ್ವನ ಮನೆ ಮೊಣಕಾಲುದ್ದದ ನೀರಿನಲ್ಲಿ ನಿಂತಿತ್ತು. ಅವಳು ಒಲೆ, ಕೊಡ, ಹಾಸಿಗೆ ಎಲ್ಲವನ್ನೂ ಅಟ್ಟಕ್ಕೆ ಏರಿಸಿ, ಎತ್ತರದ ಹೊಸ್ತಿಲ ಮೇಲೆ ಕಾಲು ಮಡಚಿ ಕೂತಿದ್ದಳು. ನಾನೊಂದು ಬಕೆಟ್ಟು ಹುಡುಕಿ ಒಳಗಿನ ನೀರು ಎತ್ತಿ ಹೊರಗೆ ಹಾಕತೊಡಗಿದೆ. ಕೆರೆ ಅದನ್ನು ಸಾವಕಾಶವಾಗಿ ತಿರುಗಿ ತಂದು ಹಾಕಿತು. "ಬಿಡ್ರಿ ಸರ" ಎಂದಳು ಬಾಳವ್ವ. "ನಾಳಿಂದ ಸಂಘಾನ ಹೋಗಿ ಕೇಳ್ಲಿ."

ಮಾರನೆಯ ಬೆಳಿಗ್ಗೆ ಊರಿನವರು ಎಂದಿನ ಹೊತ್ತಿಗೆ ಬಾಗಿಲಿಗೆ ಬಂದು ನಿಂತರು. ಯಾರೂ ಬರಲಿಲ್ಲ. ಹಲ್ಲುಜ್ಜಿ, ತಲೆ ಬಾಚಿ, "ಆತು" ಎಂಬ ಉತ್ತರವನ್ನು ಸಿದ್ಧ ಮಾಡಿಕೊಂಡು ನಿಂತವರು ಅದನ್ನು ಏನು ಮಾಡಬೇಕೆಂದು ತಿಳಿಯದೆ ಒಳಗೆ ಹೋದರು. ಮೊದಲ ದಿನ ಬೇಸರ, ಎರಡನೆಯ ದಿನ ಸಿಟ್ಟು. ಆಮೇಲೆ ಅಂಗಳಗಳು ಬೆರಳಲ್ಲ, ಮೊಳ ಮೊಳ ಬೆಳೆಯತೊಡಗಿದವು. ಪಕ್ಕದವರ ಮನೆಗೆ ಹೋಗಿ ಕೇಳಬಹುದಿತ್ತು. ಆದರೆ ಅದು ಅವರಿಗೆ ಮರೆತುಹೋಗಿತ್ತು. ಎದುರುಬದುರು ಮನೆಯ ಇಬ್ಬರು ತಮ್ಮ ತಮ್ಮ ಹೊಸ್ತಿಲ ಮೇಲೆ ನಿಂತು ಒಬ್ಬರನ್ನೊಬ್ಬರು ನೋಡುತ್ತಾ ಹಿಂದೆ ಹಿಂದೆ ಹೋಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ವಾರ ತುಂಬುವ ಮೊದಲೇ ಪೇಟೆ ಬೀದಿ ಮೈದಾನದಷ್ಟು ಅಗಲವಾಯಿತು. ಕಂಡಕ್ಟರ್ ಒಬ್ಬನೇ ಖುಷಿಯಲ್ಲಿದ್ದ. ಗೌಸುಸಾಬನ ಅಂಗಡಿ ಮಾತ್ರ, ಚಹಾಕ್ಕೆ ಬಂದವರು ಮಾತಾಡಿಸುತ್ತಿದ್ದುದರಿಂದ, ಇದ್ದಲ್ಲಿಯೇ ಇತ್ತು, ಈಗ ಬಯಲಿನ ನಡುವೆ ದ್ವೀಪದ ಹಾಗೆ. "ಬಾಳವ್ವನ ಮನೀಗೆ ಹೋಗ್ರೋ" ಎಂದು ಅವನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. "ನೀ ಹೋಗು" ಎಂದರೆ, "ನಾ ಅಂಗಡಿ ಬಿಟ್ಟು ಹೆಂಗ್ ಹೋಗ್ಲಿ?" ಎನ್ನುತ್ತಿದ್ದ.

ನಾನು ಫೈಲಿನಲ್ಲಿ ಇನ್ನೂ ಕೆಲಸವಿದೆ ಎಂದು ಹೇಳಿ ಉಳಿದುಕೊಂಡೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಮಧ್ಯಾಹ್ನಗಳಲ್ಲಿ ಹೋಗಿ ಬಾಳವ್ವನ ಮನೆಯ ಮುಂದೆ ಕಲ್ಲು ಜೋಡಿಸಿ ದಾರಿ ಮಾಡುತ್ತಿದ್ದೆ. ಅವಳು ಹೊಸ್ತಿಲಿನಿಂದ, "ಆ ಕಲ್ಲು ಅಲ್ಲಾಡತೈತಿ, ಈಚೆ ಇಡ್ರಿ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾತು ನಮ್ಮಿಬ್ಬರ ನಡುವೆ ಇರಲಿಲ್ಲ. ನಾನು ಪ್ರಶ್ನೆಯನ್ನು ಎರಡನೆಯ ಸಲ ಕೇಳಲಿಲ್ಲ. ಲೆಕ್ಕಕ್ಕೆ ಬಾರದ್ದನ್ನು ಎಷ್ಟು ಸಲ ಕೇಳುವುದು?

ಅವರು ಬಂದದ್ದು ಒಂದು ಹೊತ್ತೇರಿದ ಬೆಳಿಗ್ಗೆ. ಅಂದು ನಾನು ಬೇಗ ಹೋಗಿ ಕಡೆಯ ಕಲ್ಲು ಇಡುತ್ತಿದ್ದೆ. ಮೊದಲು ಜೋಳ ಅಲುಗಿತು. ಆಮೇಲೆ ಅಡಿವೆಪ್ಪನವರ ತಲೆ, ಅವರ ಹಿಂದೆ ಮಂಡಳಿಯವರು, ಅವರ ಹಿಂದೆ ಊರು. ಮೊಣಕಾಲು ನೋವಿನವರೂ ಇದ್ದರು. ನೀರಿನ ಅಂಚಿಗೆ ಬಂದು ಎಲ್ಲರೂ ನಿಂತುಬಿಟ್ಟರು. ಬಾಳವ್ವ ಹೊಸ್ತಿಲ ಒಳಗೆ ಎದ್ದು ನಿಂತು ಸೆರಗು ಸರಿಪಡಿಸಿಕೊಂಡಳು.

ಅಡಿವೆಪ್ಪನವರು ಧೋತರ ಎತ್ತಿ ಕಟ್ಟಿದರು. ನನ್ನ ಕಲ್ಲುಗಳ ಮೇಲೆ ಒಂದೊಂದೇ ಕಾಲಿಡುತ್ತಾ ಬಂದರು. ಕಡೆಯ ಕಲ್ಲು ಅಲುಗಾಡಿ ನೀರಿಗಿಳಿದರು. ಹೊಸ್ತಿಲ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದು, "ಆತು" ಎಂದರು.

ದಂಡೆಯ ಮೇಲೆ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಅಡಿವೆಪ್ಪನವರ ಕಿವಿ ಕೆಂಪಾಯಿತು. ಎಷ್ಟೋ ವರ್ಷಗಳಿಂದ ಆ ಮನುಷ್ಯ ಯಾರ ಬಾಗಿಲಿಗೂ ಹೋದವರಲ್ಲ. ಹೊಸ್ತಿಲು ಕಂಡರೆ ಅವರ ಬಾಯಿಗೆ ಬರುವುದು ಅದೊಂದೇ. "ನಂದು... ಆತು" ಎಂದರು ಮತ್ತೊಮ್ಮೆ. ಊರಿನ ಎಲ್ಲ ಬಾಗಿಲುಗಳಲ್ಲಿ ಕಾದು ರೂಢಿಯಿದ್ದ ಬಾಳವ್ವ ಇಲ್ಲಿಯೂ ಕಾದಳು. ಅಡಿವೆಪ್ಪನವರು ನೀರಿನ ಕಡೆ ನೋಡಿದರು, ಒದ್ದೆ ಗೋಡೆಯ ಕಡೆ ನೋಡಿದರು, ಅಟ್ಟದ ಮೇಲಿದ್ದ ಒಲೆಯ ಕಡೆ ನೋಡಿದರು.

"ನಿಂದು, ಬಾಳವ್ವಾ?"

ದಂಡೆಯ ಮೇಲಿದ್ದವರೆಲ್ಲ ಉಸಿರು ಬಿಟ್ಟರು. ಕೆಲವರು ಹೊರಡಲು ಚಪ್ಪಲಿ ಹುಡುಕತೊಡಗಿದರು. ಇನ್ನು ಅವಳು ಆತ್ರಿ ಎನ್ನುವುದು, ಇವರು ತಮ್ಮ ಸರದಿ ಮುಗಿಸಿ ಮನೆಗೆ ಹೋಗುವುದು, ಅಷ್ಟೇ.

"ಇಲ್ರಿ" ಎಂದಳು ಬಾಳವ್ವ.

ಚಪ್ಪಲಿ ಹುಡುಕುತ್ತಿದ್ದವರು ನಿಂತರು. ಅಡಿವೆಪ್ಪನವರು ತಿರುಗಿ ಜನರ ಕಡೆ ನೋಡಿದರು, ಜನ ಅವರ ಕಡೆ ನೋಡಿದರು. ಇದಾದ ಮೇಲೆ ಏನು ಹೇಳಬೇಕೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಪೋರ್ಟ್ ಮಾಡಿದ ಅಷ್ಟೂ ಸಾಲುಗಳಲ್ಲಿ ಆ ಉತ್ತರವನ್ನು ನಾನೂ ಎಲ್ಲಿಯೂ ಕಂಡಿರಲಿಲ್ಲ.

"ಯಾಕ?" ಎಂದರು ಅಡಿವೆಪ್ಪನವರು ಕಡೆಗೆ, ಸಣ್ಣ ದನಿಯಲ್ಲಿ.

"ಕುಂದರ್ರಿ. ಹೇಳಾಕ ಹೊತ್ತು ಹಿಡೀತೈತಿ."

ಅವರು ಕೂರಲು ಒಣಗಿದ ಜಾಗಕ್ಕಾಗಿ ಸುತ್ತ ನೋಡಿದರು. ಇರಲಿಲ್ಲ. ಇಸ್ತ್ರಿಯ ಧೋತರದಲ್ಲಿಯೇ ಅವಳ ಒದ್ದೆ ಹೊಸ್ತಿಲ ಮೇಲೆ ಕೂತರು.